ಟ್ಯಾಂಕ್ ಆಮೇಲೆ, ಮೊದಲು ಕೋಡಿ: ಮನೆ ಅಕ್ವೇರಿಯಂಗೆ ಯಾವ ಓವರ್‌ಫ್ಲೋ?

"ಸಂಪ್ ಎಲ್ಲಿ ತೋಡ್ಬೇಕು ಸಾರ್?" ಅಂತ ಪ್ಲಂಬರ್ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ತಪ್ಪು ಅವರದಲ್ಲ. ಮೈಸೂರಿನಲ್ಲಿ ಸಂಪ್ ಅಂದರೆ ಗೇಟಿನ ಪಕ್ಕ ನೆಲದೊಳಗೆ ಇರುವ, ಕಬ್ಬಿಣದ ಮುಚ್ಚಳದ ನೀರಿನ ತೊಟ್ಟಿ. ನಾನು ಹೇಳುತ್ತಿದ್ದದ್ದು ಮೀನಿನ ಟ್ಯಾಂಕ್‌ನ ಸ್ಟ್ಯಾಂಡ್ ಒಳಗೆ ಕೂರುವ, ನೀರು ಸೋಸುವ ಎರಡೂವರೆ ಅಡಿಯ ಗಾಜಿನ ಪೆಟ್ಟಿಗೆ. ಅವರು ಮಂಡ್ಯ ಕಡೆಯವರು. ಕೊನೆಗೆ ಕೆರೆಯ ಮಾತು ತೆಗೆದೆ. "ಮೇಲಿನ ಟ್ಯಾಂಕು ಕೆರೆ ಅಂದ್ಕೊಳ್ಳಿ. ಓವರ್‌ಫ್ಲೋ ಅದರ ಕೋಡಿ. ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಇಳಿಯುತ್ತೆ, ಅಲ್ಲಿಂದ ಮೋಟ್ರು ಹಾಕಿ ಮತ್ತೆ ಮೇಲಕ್ಕೆ." "ಓ, ಅಷ್ಟೇನಾ!" ಅಂದರು. ಆಮೇಲೆ ನನಗಿಂತ ಚೆನ್ನಾಗಿ ಅವರೇ ಪೈಪ್ ಹೊಂದಿಸಿದರು.

ಕೋಡಿ ಇಲ್ಲದ ಕೆರೆ ಎಷ್ಟೇ ದೊಡ್ಡದಿರಲಿ, ಒಂದು ದಿನ ಏರಿ ಮೇಲೆ ಹರಿಯುತ್ತದೆ. ಅಕ್ವೇರಿಯಂ ಕೊಳ್ಳುವಾಗ ನಾವೆಲ್ಲ ಇದನ್ನೇ ಮರೆಯುತ್ತೇವೆ. ಮೊದಲು ಅಂಗಡಿಯಲ್ಲಿ ಚೆಂದ ಕಂಡ ಟ್ಯಾಂಕ್ ತರುತ್ತೇವೆ, ಆಮೇಲೆ ಮೀನು, ಆಮೇಲೆ ಫಿಲ್ಟರ್. ಓವರ್‌ಫ್ಲೋ ನೆನಪಾಗುವ ಹೊತ್ತಿಗೆ ಟ್ಯಾಂಕ್ ತುಂಬಿ, ಗೋಡೆಗೆ ಒರಗಿ, ಅಲ್ಲಾಡಿಸಲೂ ಆಗದ ಸ್ಥಿತಿ. ಗಾಜಿಗೆ ತೂತು ಹಾಕಿಸಬೇಕಿದ್ದರೆ ಅಂಟಿಸುವ ಮೊದಲೇ ಹಾಕಿಸಬೇಕು. ಅದಕ್ಕೇ ಆಯ್ಕೆಯ ಕ್ರಮ ತಿರುಗಿಸಿ ಅಂತ ನನ್ನ ಮಾತು: ನೀರು ಹೇಗೆ ಕೆಳಗಿಳಿಯಬೇಕು ಅಂತ ತೀರ್ಮಾನಿಸಿ, ಆಮೇಲೆ ಟ್ಯಾಂಕ್ ಆರ್ಡರ್ ಮಾಡಿ.

ನಿಮಗೆ ಓವರ್‌ಫ್ಲೋ ಬೇಕೇ?

ಎಲ್ಲರಿಗೂ ಬೇಡ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಹಿಡಿಯುವುದು ಸುಮಾರು 56 ಲೀಟರ್. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ, ಲೆಕ್ಕ ಸುಲಭ. ಇದಕ್ಕೆ ಒಂದು ಸ್ಪಾಂಜ್ ಫಿಲ್ಟರ್, ಒಂದು ಏರ್ ಪಂಪ್ ಸಾಕು. ಗಪ್ಪಿ, ಟೆಟ್ರಾ ಇಟ್ಟುಕೊಂಡು ಹಾಯಾಗಿರಿ. ಈ ಸೈಜಿಗೆ ಸಂಪ್ ಕಟ್ಟುವುದು ಸೈಕಲ್ಲಿಗೆ ಸ್ಟೆಪ್ನಿ ಕಟ್ಟಿದ ಹಾಗೆ.

ಮೂರಡಿ ಟ್ಯಾಂಕ್, ಒಂದೂವರೆ ಅಡಿ ಅಗಲ ಮತ್ತು ಎತ್ತರ ಇದ್ದರೆ ಸುಮಾರು 190 ಲೀಟರ್. ಇಲ್ಲಿ ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಟ್ಟು ಪೈಪ್ ಜೋಡಿಸುವ ಫಿಲ್ಟರ್) ಮತ್ತು ಸಂಪ್ ನಡುವೆ ನಿಜವಾದ ಪೈಪೋಟಿ. ಕ್ಯಾನಿಸ್ಟರ್‌ಗೆ ಗಾಜಿಗೆ ತೂತು ಬೇಡ, ಸದ್ದು ಕಡಿಮೆ, ಬಾಡಿಗೆ ಮನೆ ಬಿಡುವಾಗ ಸುಮ್ನೆ ಎತ್ತಿಕೊಂಡು ಹೋಗಬಹುದು. ಆದರೆ ಅದು ಮುಚ್ಚಿದ ಡಬ್ಬ. ಕರೆಂಟ್ ಹೋಗಿ ಕೆಲವು ಗಂಟೆ ನಿಂತರೆ ಒಳಗಿನ ನೀರಿನ ಆಮ್ಲಜನಕ ಮುಗಿದು, ಕೊಳೆ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದ ದಿನ ನೆನಪಿದೆಯಲ್ವಾ? ಅಂಥ ಬೆಳಿಗ್ಗೆ ಕ್ಯಾನಿಸ್ಟರ್ ತೆರೆದರೆ ಬರುವ ವಾಸನೆಯೇ ಎಲ್ಲ ಹೇಳುತ್ತದೆ. ಒಳಗೆ ಕೊಳೆತ ನೀರನ್ನು ಹಾಗೇ ಟ್ಯಾಂಕಿಗೆ ಬಿಡಬೇಡಿ, ಮೊದಲು ಚೆಲ್ಲಿ ತೊಳೆಯಿರಿ. ಸಂಪ್ ಬಾಯಿ ತೆರೆದಿರುವುದರಿಂದ ಅಷ್ಟು ಬೇಗ ಕೆಡುವುದಿಲ್ಲ. ಇನ್ವರ್ಟರ್ ಇದ್ದವರು ಮೋಟ್ರನ್ನೋ, ಕನಿಷ್ಠ ಒಂದು ಏರ್ ಪಂಪನ್ನೋ ಅದಕ್ಕೆ ಜೋಡಿಸಿಕೊಂಡರೆ ಈ ವ್ಯತ್ಯಾಸ ಅರ್ಧ ಕಡಿಮೆಯಾಗುತ್ತದೆ.

ನಾಲ್ಕಡಿ ದಾಟಿದರೆ ನಾನು ಸಂಪ್ ಕಡೆಯವನು. ನಾಲ್ಕಡಿ, ಒಂದೂವರೆ, ಒಂದೂವರೆಗೆ 255 ಲೀಟರ್. ಹೀಟರ್, ಪಂಪ್, ಸ್ಪಾಂಜ್ ಎಲ್ಲ ಕೆಳಗೆ ಅಡಗುತ್ತವೆ, ಮೇಲೆ ಮೀನು ಮಾತ್ರ ಕಾಣುತ್ತದೆ. ನೀರಿನ ಮೇಲೆ ಕಟ್ಟುವ ಜಿಡ್ಡಿನ ಪೊರೆ ಓವರ್‌ಫ್ಲೋ ಮೇಲೆ ಹಾದು ತಾನೇ ಇಳಿದು ಹೋಗುತ್ತದೆ. ಮೇಲಿನ ನೀರಿನ ಮಟ್ಟವೂ ಸದಾ ಒಂದೇ. ಆಸ್ಕರ್, ಗೋಲ್ಡ್‌ಫಿಶ್ ಥರದ ಗಲೀಜು ಜಾಸ್ತಿ ಮಾಡುವ ಮೀನು ಸಾಕುವವರಿಗಂತೂ ಇದು ವರ.

ತೂತಿಲ್ಲದ ಓವರ್‌ಫ್ಲೋ: ನನ್ನ ಹಾಲ್ ಕೆರೆಯಾದದ್ದು

ತೂತು ಹಾಕದೆಯೂ ಸಂಪ್ ನಡೆಸಬಹುದು. ಟ್ಯಾಂಕ್ ಒಳಗೊಂದು, ಹೊರಗೊಂದು ಡಬ್ಬ ನೇತುಹಾಕಿ, ನಡುವೆ ತಲೆಕೆಳಗಾದ ಯು ಆಕಾರದ ಕೊಳವೆ ಇಡುತ್ತಾರೆ. ಸೈಫನ್ ತತ್ವ, ಹಿಂದೆ ಸ್ಕೂಟರ್‌ನಿಂದ ಪೆಟ್ರೋಲ್ ಎಳೆಯುತ್ತಿದ್ದೆವಲ್ಲ, ಅದೇ. ಪಿವಿಸಿ ಎಲ್ಬೋಗಳಲ್ಲೇ ಇದನ್ನು ಮನೆಯಲ್ಲಿ ಮಾಡಿಕೊಳ್ಳುವವರೂ ಇದ್ದಾರೆ. ಅಗ್ಗ. ಇದ್ದ ಟ್ಯಾಂಕಿಗೇ ಆಗುತ್ತದೆ. ನಾನೂ ಸರಸ್ವತಿಪುರಂನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದಾಗ ಇದನ್ನೇ ಹಾಕಿದ್ದೆ.

ನೀರು ನಿಧಾನವಾಗಿ ಹರಿದರೆ ಸಣ್ಣ ಗುಳ್ಳೆಗಳು ಕೊಳವೆಯ ಮೇಲಿನ ಬಾಗಿನಲ್ಲಿ ಒಂದೊಂದಾಗಿ ಸೇರಿಕೊಳ್ಳುತ್ತವೆ. ನನ್ನದರಲ್ಲಿ ಕಡಲೆಕಾಯಿ ಗಾತ್ರದ ಗುಳ್ಳೆ ಇದ್ದದ್ದು ನನಗೆ ಗೊತ್ತಿತ್ತು. ನೋಡಿಯೂ ಬಿಟ್ಟಿದ್ದೆ. ಒಂದು ಮಧ್ಯಾಹ್ನ ಕರೆಂಟ್ ಹೋಗಿ, ಬಂತು. ಮೋಟ್ರು ಎದ್ದಿತು, ಸೈಫನ್ ಏಳಲಿಲ್ಲ. ಸಂಪ್‌ನ ನೀರೆಲ್ಲ ಮೇಲೆ ಬಂತು, ಇಳಿಯುವ ದಾರಿ ಮಾತ್ರ ಇರಲಿಲ್ಲ. ಆಫೀಸಿನಿಂದ ಬಂದಾಗ ಕೆಂಪು ರೆಡ್‌ಆಕ್ಸೈಡ್ ನೆಲದ ಮೇಲೆ ತೆಳುವಾಗಿ ನೀರು, ಅದರಲ್ಲಿ ಟ್ಯೂಬ್‌ಲೈಟ್‌ನ ಬಿಂಬ, ಮೂಲೆಯಲ್ಲಿ ತೇಲುವ ಒಂದು ಚಪ್ಪಲಿ. ಕೆಳಗಿನ ಮನೆ ಆಂಟಿ ಮೆಟ್ಟಿಲ ಬುಡದಲ್ಲೇ ನಿಂತಿದ್ದರು. "ಏನಪ್ಪಾ, ಮೇಲೆ ಕೋಡಿ ಬಿತ್ತಾ?" ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಅನ್ನಿಸಿತ್ತು. ಅವರ ದೇವರಮನೆ ಸೂರಿನಲ್ಲಿ ಮೂಡಿದ ಕಲೆಗೆ ಸುಣ್ಣ ಹೊಡೆಸಿ ಕೊಟ್ಟೆ.

ಬಾಗಿನ ಗಾಳಿಯನ್ನು ಸಣ್ಣ ಪಂಪಿನಿಂದ ಸದಾ ಎಳೆಯುವ ಉಪಾಯ ಇದೆ. ಆದರೆ ಆಗ ನಿಮ್ಮ ಹಾಲ್‌ನ ಸುರಕ್ಷತೆ ಇನ್ನೊಂದು ಸಣ್ಣ ಪಂಪಿನ ಮೇಲೆ ನಿಂತಿತು. ಶಿಂಷಾ ನದಿಗೆ ಕುಣಿಗಲ್ ತಾಲೂಕಿನಲ್ಲಿ ಕಟ್ಟಿರುವ ಮಾರ್ಕೋನಹಳ್ಳಿ ಅಣೆಕಟ್ಟೆಯಲ್ಲೂ ಸೈಫನ್‌ಗಳಿವೆ. ನೀರು ತುಂಬಿದ ಮಟ್ಟ ಮುಟ್ಟಿದರೆ ಅವು ತಾವೇ ಶುರುವಾಗುತ್ತವೆ, ಗೇಟ್ ಎತ್ತುವವರು ಬೇಡ. ಸೈಫನ್ ಅಂದರೆ ಹಾಗಿರಬೇಕು. ಕೈಯಲ್ಲಿ ಎಳೆದು ಶುರುಮಾಡಬೇಕಾದ ಸೈಫನ್‌ನ ಮೇಲೆ ಇನ್ನೊಬ್ಬರ ಸೂರನ್ನು ಒಪ್ಪಿಸಬೇಡಿ. ಟ್ಯಾಂಕ್ ಈಗಾಗಲೇ ತುಂಬಿದೆ, ಬೇರೆ ದಾರಿಯೇ ಇಲ್ಲ ಅನ್ನುವವರಿಗೆ ನನ್ನ ಸಲಹೆ ಕ್ಯಾನಿಸ್ಟರ್.

ತೂತು ಎಲ್ಲಿ: ತಳಕ್ಕೋ, ಬೆನ್ನಿಗೋ

ತಳದ ಮೂಲೆಯಲ್ಲಿ ತೂತು ಹಾಕಿ, ಸುತ್ತ ಗಾಜಿನ ಗೂಡು ಕಟ್ಟುವುದು ಒಂದು ರೀತಿ. ಪೈಪ್‌ಗಳು ಗೂಡಿನೊಳಗೆ ನೇರ ಕೆಳಗಿಳಿಯುತ್ತವೆ. ಟ್ಯಾಂಕನ್ನು ಗೋಡೆಗೆ ಒತ್ತಿ ಇಡಬಹುದು. ಆದರೆ ಗೂಡು ಒಳಗಿನ ಜಾಗ ತಿನ್ನುತ್ತದೆ, ಅದರ ತಳದಲ್ಲಿ ಕಸ ಕೂರುತ್ತದೆ. ತೂತು ಸೋರಿದರೆ ಗೂಡಿನ ನೀರು ನೆಲಕ್ಕೆ. ಗೂಡಿನ ಅಂಟೂ ಬಿಟ್ಟಿದ್ದರೆ ಟ್ಯಾಂಕಿನ ನೀರು ಪೂರ್ತಿ.

ಹಿಂಬದಿ ಗಾಜಿನ ಮೇಲ್ಭಾಗದಲ್ಲಿ ತೂತು ಹಾಕುವುದು ಇನ್ನೊಂದು. ಒಳಗೆ ತೆಳ್ಳನೆಯ ಪೆಟ್ಟಿಗೆ, ಹೊರಗೆ ಪೈಪ್ ಇರುವ ಪೆಟ್ಟಿಗೆ. ಸೋರಿದರೂ ತೂತಿನ ಮಟ್ಟದವರೆಗಿನ ನೀರು ಮಾತ್ರ ಹೋಗುತ್ತದೆ, ಮೀನು ಉಳಿಯುತ್ತದೆ. ನನ್ನ ಮನಸ್ಸು ಇದರ ಕಡೆಗೇ. ಗೋಡೆಯಿಂದ ಐದಾರು ಇಂಚು ಜಾಗ ಬಿಡಬೇಕು ಅನ್ನುವುದೊಂದೇ ತಕರಾರು. ಅಗ್ರಹಾರದ ಕಡೆಯ ಹಳೇ ಮನೆಗಳ ಕಿರಿದಾದ ನಡುಮನೆಯಲ್ಲಿ ಆ ಐದಾರು ಇಂಚೂ ಆಸ್ತಿಯೇ. ಅಂಥವರು ತಳದ ತೂತಿಗೆ ಹೋಗಿ, ಪರವಾಗಿಲ್ಲ.

ಯಾವ ಜಾಗವಾದರೂ ಎರಡು ಮಾತು. ಟಫನ್ಡ್ ಗಾಜಿಗೆ ತೂತು ಹಾಕಲು ಹೋದರೆ ಇಡೀ ಹಾಳೆ ಅವಲಕ್ಕಿಯ ಹಾಗೆ ಪುಡಿಯಾಗುತ್ತದೆ. ಸಾದಾ ಗಾಜು ಅಂತ ಖಾತ್ರಿ ಮಾಡಿಕೊಳ್ಳಿ. ಮತ್ತೆ, ತೂತು ಗಾಜಿನ ಅಂಚಿಗೆ ತೀರಾ ಹತ್ತಿರ ಬೇಡ. ತೂತು ಎಷ್ಟು ಅಗಲವೋ, ಅದರ ಅಂಚಿಂದ ಗಾಜಿನ ಅಂಚಿಗೆ ಕನಿಷ್ಠ ಅಷ್ಟು ಜಾಗ ಇರಲಿ. ಅಳತೆ ಹೇಳುವ ಮೊದಲು ಹಾರ್ಡ್‌ವೇರ್ ಅಂಗಡಿಯಿಂದ ಟ್ಯಾಂಕ್ ನಿಪ್ಪಲ್ ತಂದು ಕೈಯಲ್ಲಿ ಹಿಡಿದುಕೊಳ್ಳಿ. ಓವರ್‌ಹೆಡ್ ಟ್ಯಾಂಕಿಗೆ ಹಾಕುವುದೇ ಅದು. ಒಂದಿಂಚಿನ ನಿಪ್ಪಲ್‌ಗೆ ಒಂದಿಂಚಿನ ತೂತು ಸಾಲುವುದಿಲ್ಲ, ಹೊರಮೈ ಅಳೆಯಬೇಕು, ಅದೂ ಕಂಪನಿಯಿಂದ ಕಂಪನಿಗೆ ಬೇರೆ. ರಬ್ಬರ್ ವಾಷರ್ ನೀರಿರುವ ಬದಿಗೆ, ತಲೆಯ ಕೆಳಗೆ ಬರಬೇಕು. ನಟ್ಟನ್ನು ಕೈಯಲ್ಲಿ ಬಿಗಿ ಮಾಡಿ, ಮೇಲೆ ಕಾಲು ಸುತ್ತು ಸಾಕು. ಪ್ಲಂಬರ್‌ಗಳಿಗೆ ಪಾನಾ ಕೈಯಲ್ಲಿದ್ದರೆ ಬಿಗಿ ಮಾಡುವ ಚಟ. ಇದು ಸಿಂಟೆಕ್ಸ್ ಅಲ್ಲ, ಗಾಜು ಅಂತ ಪಕ್ಕದಲ್ಲೇ ನಿಂತು ಹೇಳಿ.

ಒಂದು ಪೈಪೋ, ಎರಡೋ, ಮೂರೋ

ತೂತಿನ ಓವರ್‌ಫ್ಲೋಗಳಲ್ಲಿ ಮೂರು ಬಗೆ ಜಾಸ್ತಿ ಬಳಕೆಯಲ್ಲಿವೆ: ಡರ್ಸೋ, ಹರ್ಬಿ, ಬೀನ್‌ಆನಿಮಲ್. ಹೆಸರು ನೋಡಿ ಹೆದರಬೇಡಿ. ಪೈಪ್ ಎಷ್ಟು ಅಂತ ಎಣಿಸಿದರೆ ಮುಗಿಯಿತು.

ಡರ್ಸೋದಲ್ಲಿ ಒಂದೇ ಪೈಪ್. ತಲೆಗೆ ಒಂದು ಟಿ, ಕೆಳಮುಖವಾಗಿ ತಿರುಗಿದ ಎಲ್ಬೋ, ಮೇಲಿನ ಮುಚ್ಚಳದಲ್ಲಿ ಗಾಳಿಗೆ ಸಣ್ಣ ತೂತು. ನೀರೂ ಗಾಳಿಯೂ ಒಟ್ಟಿಗೆ ಇಳಿಯುತ್ತವೆ. ಆ ತೂತಿನ ಗಾತ್ರ ಸರಿ ಇಲ್ಲದಿದ್ದರೆ ಗೊಳಗೊಳ ಅನ್ನುತ್ತದೆ, ರಾತ್ರಿ ಪಕ್ಕದ ಮನೆ ಬಚ್ಚಲು ಹರಿದ ಹಾಗೆ. ಗಾಳಿ ಸೇರಿಕೊಳ್ಳುವುದರಿಂದ ಒಂದಿಂಚಿನ ಪೈಪಿನಲ್ಲಿ ಗಂಟೆಗೆ ಸಾವಿರ ಲೀಟರ್ ಆಸುಪಾಸು ಮೀರಿದರೆ ಸದ್ದು ಏರುತ್ತದೆ. ಆ ಒಂದು ಪೈಪ್ ಕಟ್ಟಿಕೊಂಡರೆ ಬೇರೆ ದಾರಿ ಇಲ್ಲ ಅನ್ನುವುದು ದೊಡ್ಡ ಕೊರತೆ. ನನ್ನ ಟ್ಯಾಂಕಿನಲ್ಲಿ ನಿಂಬೆಹಣ್ಣಿನ ಗಾತ್ರದ ಬಸವನಹುಳು ಒಂದಿತ್ತು. ಒಂದು ರಾತ್ರಿ ಅದು ಗಾಜು ಹತ್ತಿ, ಅಂಚು ದಾಟಿ, ಗೂಡಿಗೆ ಇಳಿದು ಪೈಪಿನ ಬಾಯಲ್ಲೇ ಹಾಯಾಗಿ ಕೂತಿತ್ತು. ಬೆಳಿಗ್ಗೆ ಕಾಫಿಗೆ ಎದ್ದಾಗ ನೀರು ಟ್ಯಾಂಕಿನ ಅಂಚಿಗೆ ಬೆರಳಗಲ ಇತ್ತು. ಅಂದಿನಿಂದ ನಾನು ಎರಡು ಪೈಪಿನವನು.

ಹರ್ಬಿಯಲ್ಲಿ ಮೊದಲ ಪೈಪ್ ಪೂರ್ತಿ ನೀರು ತುಂಬಿ ಸೈಫನ್ ಆಗಿ ಓಡುತ್ತದೆ. ಗಾಳಿ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಕೆಳಗೆ ಒಂದು ವಾಲ್ವ್, ಅದನ್ನು ತಿರುಗಿಸಿ ಎಷ್ಟು ನೀರು ಮೇಲೆ ಬರುತ್ತದೋ ಅಷ್ಟೇ ಇಳಿಯುವಂತೆ ಹೊಂದಿಸಬೇಕು. ಎರಡನೇ ಪೈಪ್ ಸ್ವಲ್ಪ ಎತ್ತರದಲ್ಲಿ ಒಣಗಿ ನಿಂತಿರುತ್ತದೆ. ಮೊದಲನೆಯದು ಕಟ್ಟಿಕೊಂಡರೆ ನೀರು ಏರಿ ಇದಕ್ಕೆ ಬೀಳುತ್ತದೆ. ಆಗ ಸದ್ದು ಬರುತ್ತದೆ, ಬರಲಿ, ಅದೇ ನಿಮ್ಮ ಗಂಟೆ. ಕೆರೆಯ ಲೆಕ್ಕದಲ್ಲಿ ಮೊದಲನೆಯದು ತೂಬು, ಎರಡನೆಯದು ಕೋಡಿ. ತೂಬಿಗೆ ವಾಲ್ವ್ ಇರಲಿ, ಕೋಡಿಗೆ ಯಾವತ್ತೂ ವಾಲ್ವ್, ಜಾಲರಿ ಏನೂ ಹಾಕಬೇಡಿ. ಪಂಪಿನ ಅಷ್ಟೂ ನೀರನ್ನು ಅದೊಂದೇ ಇಳಿಸಬಲ್ಲಷ್ಟು ದಪ್ಪ ಇರಬೇಕು.

ಯು ಕೊಳವೆಯ ಸೈಫನ್ ಹಾಗೆ ಇದೂ ಕರೆಂಟ್ ಬಂದಾಗ ಕೈಕೊಡುವುದಿಲ್ಲವೇ ಅಂತ ಕೇಳಬಹುದು. ಕೊಡುವುದಿಲ್ಲ. ಇಲ್ಲಿ ಬಾಗು ಇಲ್ಲ. ನೀರು ಏರಿದ ಕೂಡಲೇ ಪೈಪಿನ ಗಾಳಿಯನ್ನು ಕೆಳಗೆ ತಳ್ಳಿ ತಾನೇ ಶುರುವಾಗುತ್ತದೆ. ಪೈಪಿನ ಕೆಳತುದಿ ಸಂಪ್ ನೀರಿನಲ್ಲಿ ಒಂದಿಂಚು ಮಾತ್ರ ಮುಳುಗಿರಬೇಕು. ಆಳಕ್ಕೆ ಇಳಿಸಿದರೆ ಗಾಳಿ ಹೊರಬರಲು ಒದ್ದಾಡುತ್ತದೆ.

ವಾಲ್ವ್ ವಿಷಯ. ಗೇಟ್ ವಾಲ್ವ್ ಹದವಾಗಿ ತಿರುಗುತ್ತದೆ, ಆದರೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಹಿತ್ತಾಳೆಯದು. ಹಿತ್ತಾಳೆಯಲ್ಲಿ ತಾಮ್ರ ಇದೆ, ಸಿಗಡಿ ಮತ್ತು ಬಸವನಹುಳುಗೆ ಆಗದು. ಪ್ಲಾಸ್ಟಿಕ್ ಗೇಟ್ ವಾಲ್ವ್ ಸಿಗದಿದ್ದರೆ ಪಿವಿಸಿ ಬಾಲ್ ವಾಲ್ವ್ ಹಾಕಿ. ಕೂದಲೆಳೆಯಷ್ಟು ತಿರುಗಿಸಿ, ಹತ್ತು ನಿಮಿಷ ಕಾದು, ಮತ್ತೆ ತಿರುಗಿಸುವ ತಾಳ್ಮೆ ಬೇಕು ಅಷ್ಟೇ. ಗೂಡಿನೊಳಗಿನ ಪೈಪ್‌ಗಳಿಗೆ ಸಲ್ಯೂಷನ್ ಹಾಕಿ ಅಂಟಿಸಬೇಡಿ, ಒತ್ತಿ ಕೂರಿಸಿ. ತೊಳೆಯಲು ಬಿಚ್ಚಬೇಕಾಗುತ್ತದೆ.

ಬೀನ್‌ಆನಿಮಲ್‌ಗೆ ಮೂರು ಪೈಪ್. ಒಂದು ಸೈಫನ್, ಒಂದರಲ್ಲಿ ಸಣ್ಣಗೆ ನೀರು ಜಾರುತ್ತಿರುತ್ತದೆ, ಇನ್ನೊಂದು ಒಣ. ನೀರು ಏರಿದರೆ ನಡುವಿನದೂ ತಾನೇ ಸೈಫನ್ ಆಗುತ್ತದೆ. ಪಂಪಿನ ವೇಗ ಸ್ವಲ್ಪ ಆಚೀಚೆ ಆದರೂ ವಾಲ್ವ್ ಮುಟ್ಟುವ ಕೆಲಸವಿಲ್ಲ. ಇದಕ್ಕಿಂತ ಭದ್ರವಾದದ್ದು ನಾನು ನೋಡಿಲ್ಲ. ಆದರೆ ಮೂರು ತೂತು, ಉದ್ದದ ಪೆಟ್ಟಿಗೆ, ಎರಡು ಪಟ್ಟು ಫಿಟ್ಟಿಂಗ್. ನಾಲ್ಕಡಿ, ಎರಡಡಿ, ಎರಡಡಿಯ 450 ಲೀಟರ್ ಟ್ಯಾಂಕನ್ನು ಮಹಡಿಯ ಮೇಲೆ ಇಡುವವರು ಕಣ್ಣು ಮುಚ್ಚಿ ಇದಕ್ಕೇ ಹೋಗಲಿ. 255 ಲೀಟರಿಗೆ ಹರ್ಬಿ ಸಾಕು. ಡರ್ಸೋ ಹಾಕಿಸುವುದಾದರೆ ನೆಲಮಹಡಿಯಲ್ಲಿ, ಬಸವನಹುಳು ಇಲ್ಲದ ಟ್ಯಾಂಕಿಗೆ, ಗೂಡಿನ ಬಾಯಿಗೆ ಬಾಚಣಿಗೆಯಂಥ ಹಲ್ಲಿನ ಪಟ್ಟಿ ಕೂರಿಸಿ.

ಸಂಪ್ ಲೆಕ್ಕ

ಕರೆಂಟ್ ಹೋದಾಗ ಮೇಲಿನ ನೀರು ಸ್ವಲ್ಪ ಕೆಳಗೆ ಬಂದೇ ಬರುತ್ತದೆ. ಎಷ್ಟು? ನಾಲ್ಕಡಿಗೆ ಒಂದೂವರೆ ಅಡಿಯ ಟ್ಯಾಂಕಿನಲ್ಲಿ ಒಂದಿಂಚು ಇಳಿದರೆ 14 ಲೀಟರ್. ಎರಡೂವರೆ ಅಡಿಗೆ ಒಂದಡಿಯ ಸಂಪ್‌ನಲ್ಲಿ ಒಂದಿಂಚು ಏರಲು ಬೇಕಾಗುವುದು ಸುಮಾರು 6 ಲೀಟರ್. ಅಂದರೆ ಮೇಲೆ ಒಂದಿಂಚು ಇಳಿದರೆ ಕೆಳಗೆ ಎರಡೂಕಾಲು ಇಂಚಿಗಿಂತ ಜಾಸ್ತಿ ಏರುತ್ತದೆ. ವಾಪಸ್ ನೀರು ತರುವ ಪೈಪಿನ ಬಾಯಿ ಟ್ಯಾಂಕಿನಲ್ಲಿ ಎರಡಿಂಚು ಮುಳುಗಿದ್ದರೆ, ಕರೆಂಟ್ ಹೋದ ಕೂಡಲೇ ಅದೇ ಪೈಪ್ ಉಲ್ಟಾ ಎಳೆಯುತ್ತದೆ, ಸಂಪ್‌ನಲ್ಲಿ ಐದಿಂಚು ಏರುತ್ತದೆ. ಆ ಪೈಪಿಗೆ ನೀರಿನ ಮಟ್ಟದಿಂದ ಸ್ವಲ್ಪವೇ ಕೆಳಗೆ ಒಂದು ಸಣ್ಣ ತೂತು ಕೊರೆದರೆ ಅಲ್ಲಿ ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ. ಪಾಚಿ ಅದನ್ನು ಮುಚ್ಚುತ್ತದೆ, ತಿಂಗಳಿಗೊಮ್ಮೆ ಹಲ್ಲುಕಡ್ಡಿ ಆಡಿಸಿ. ಒನ್‌ವೇ ವಾಲ್ವ್ ಹಾಕಿದ್ದೀನಲ್ಲ ಅಂತ ನಿಶ್ಚಿಂತೆ ಬೇಡ. ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೆ ಅದು ಮುಚ್ಚುವುದೇ ಇಲ್ಲ.

ಇನ್ನು ಉಲ್ಟಾ ಲೆಕ್ಕ. ಓವರ್‌ಫ್ಲೋ ಪೂರ್ತಿ ಕಟ್ಟಿಕೊಂಡರೆ ಪಂಪ್ ಎಷ್ಟು ನೀರು ಮೇಲೆ ತರಬಲ್ಲದು? ಸಂಪ್ ಒಳಗೆ ಗಾಜಿನ ತಡೆ ಹಾಕಿ ಮಾಡಿದ ಖಾನೆಗಳಲ್ಲಿ, ಪಂಪ್ ಇರುವ ಕೊನೆಯ ಖಾನೆಯಲ್ಲಿ ಇರುವಷ್ಟು ಮಾತ್ರ. ಅದನ್ನು 15 ಲೀಟರ್ ಹಿಡಿಯುವಂತೆ ಕಟ್ಟಿಸಿ. ಮೇಲೆ ಒಂದಿಂಚು ಚಿಲ್ಲರೆ ಏರುತ್ತದೆ. ಟ್ಯಾಂಕಿನ ಮೇಲೆ ಎರಡಿಂಚು ಖಾಲಿ ಬಿಟ್ಟಿದ್ದರೆ ನೆಲಕ್ಕೆ ಹನಿಯೂ ಬೀಳದು, ಪಂಪ್ ಒಣಗಿ ಕಿರುಚುತ್ತದೆ ಅಷ್ಟೇ. ಖಾನೆ ಚಿಕ್ಕದಾದ್ದರಿಂದ ಮಾರ್ಚ್, ಏಪ್ರಿಲ್ ಬಿಸಿಲಿಗೆ ನೀರು ಆವಿಯಾದದ್ದೂ ಅಲ್ಲೇ ಮೊದಲು ಕಾಣುತ್ತದೆ. ದಿನಕ್ಕೊಮ್ಮೆ ಚೊಂಬಿನಲ್ಲಿ ತುಂಬಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಔಷಧಿ ಹಾಕಿ. ಬೋರ್ ನೀರನ್ನೇ ತುಂಬುತ್ತಾ ಹೋದರೆ ಗಡಸು ಏರುತ್ತಲೇ ಇರುತ್ತದೆ.

ಪಂಪ್ ಟ್ಯಾಂಕಿನ ನಾಲ್ಕೈದು ಪಟ್ಟು ನೀರನ್ನು ಗಂಟೆಗೆ ಎತ್ತಿದರೆ ಸಾಕು. ಡಬ್ಬದ ಮೇಲೆ ಬರೆದದ್ದು ಎತ್ತರವೇ ಇಲ್ಲದಾಗಿನ ಲೆಕ್ಕ, ನಾಲ್ಕಡಿ ಮೇಲೆ ಎತ್ತುವಾಗ ತುಂಬಾ ಕಡಿಮೆಯಾಗುತ್ತದೆ.

ಈಗ ಟ್ಯಾಂಕ್

ಇಷ್ಟಾದ ಮೇಲೆ ಟ್ಯಾಂಕಿನ ಆಯ್ಕೆ ಸುಲಭ. ಗಾಜಿನ ಮೇಲಿನ ಒತ್ತಡ ನೀರಿನ ಎತ್ತರದ ಮೇಲೆ ನಿಂತಿದೆ. ಒಂದೂವರೆ ಅಡಿ ಎತ್ತರಕ್ಕೆ ಕೆಲವರು 8 ಎಂಎಂ ಗಾಜಿನಲ್ಲೇ ಕಟ್ಟಿಕೊಡುತ್ತಾರೆ. ನಾನು 10 ಕೇಳುತ್ತೇನೆ, ಮೇಲೆ ಪಟ್ಟಿಯನ್ನೂ ಅಂಟಿಸಲು ಹೇಳುತ್ತೇನೆ. ಎರಡಡಿಗೆ 12 ಎಂಎಂ. ಎರಡಡಿ ಎತ್ತರ ನೋಡಲು ಗತ್ತು, ಆದರೆ ತಳ ಮುಟ್ಟಲು ಕಂಕುಳವರೆಗೆ ಕೈ ಮುಳುಗಿಸಬೇಕು. ಏಂಜೆಲ್, ಡಿಸ್ಕಸ್ ಸಾಕದವರು ಎತ್ತರದ ದುಡ್ಡನ್ನು ಅಗಲಕ್ಕೆ ಹಾಕಿ. ಸಿಲಿಕೋನ್ ಅಕ್ವೇರಿಯಂಗೆ ಆಗುವಂಥದ್ದೇ ಇರಲಿ. ಬಚ್ಚಲುಮನೆಗೆ ಹಾಕುವ, ಬೂಸ್ಟು ತಡೆಯುವ ಔಷಧಿ ಸೇರಿದ ಸಿಲಿಕೋನ್ ಮೀನಿಗೆ ವಿಷ.

10 ಎಂಎಂ ಗಾಜಿನ ನಾಲ್ಕಡಿ ಟ್ಯಾಂಕ್ ಖಾಲಿ ಇದ್ದಾಗಲೇ 50 ಕೆ.ಜಿ. ದಾಟುತ್ತದೆ. ನೀರು 255, ಕಲ್ಲು, ಸಂಪ್, ಸ್ಟ್ಯಾಂಡ್ ಸೇರಿ 400ರ ಮೇಲೆ. ಮಹಡಿಯಲ್ಲಾದರೆ ಕೆಳಗೆ ಗೋಡೆಯೋ ಬೀಮೋ ಇರುವ ಕಡೆ ಇಡಿ, ಹಾಲ್ ನಡುವೆ ಬೇಡ. ಕಬ್ಬಿಣದ ಚೌಕ ಪೈಪಿನ ಸ್ಟ್ಯಾಂಡ್ ಮಾಡಿಸಿ, ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್. ಗಾರೆ ಕೆಲಸದವರ ಹತ್ತಿರ ರಸಮಟ್ಟ ಇಸಿದುಕೊಂಡು ನೋಡಿ. ಟ್ಯಾಂಕ್ ಓರೆ ಇದ್ದರೆ ಓವರ್‌ಫ್ಲೋದ ಒಂದು ತುದಿಯಲ್ಲಿ ಮಾತ್ರ ನೀರು ಬೀಳುತ್ತದೆ, ಇನ್ನೊಂದು ತುದಿಯಲ್ಲಿ ಜಿಡ್ಡು ನಿಲ್ಲುತ್ತದೆ. ವೈರ್‌ಗಳು ಸಾಕೆಟ್‌ಗಿಂತ ಕೆಳಗೆ ಜೋತು ಮತ್ತೆ ಮೇಲೆ ಬರಲಿ, ನೀರು ಹರಿದು ಪ್ಲಗ್ಗಿಗೆ ಹೋಗಬಾರದು.

ಮೀನು ತರುವ ಮೊದಲು ಎರಡು ದಿನ ಬರೀ ನೀರು ಓಡಿಸಿ. ಮೇನ್ ಸ್ವಿಚ್ ಆರಿಸಿ, ಸಂಪ್ ಎಲ್ಲಿಯವರೆಗೆ ಏರಿತು ಅಂತ ಗಾಜಿನ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿ. ಆರಿಸಿ, ಹಾಕಿ, ಹತ್ತು ಸಲ. ಆಮೇಲೆ ಸೈಫನ್ ಪೈಪಿನ ಬಾಯಿಗೆ ಒದ್ದೆ ಬಟ್ಟೆ ತುರುಕಿ ಒಣ ಪೈಪ್ ಕೆಲಸ ಮಾಡುತ್ತದಾ ನೋಡಿ. ಆಮೇಲೆ ಎರಡಕ್ಕೂ ತುರುಕಿ. ನಾನು ಹೊಸ ಮನೆಯಲ್ಲಿ ಇದನ್ನು ಮಾಡುವಾಗ ಹೆಂಡತಿ ನೆಲ ಒರೆಸುವ ಬಟ್ಟೆ, ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಪಂಪ್ ಕಿರುಚಿತು, ನೀರು ಅಂಚಿಗೆ ಮುಕ್ಕಾಲು ಇಂಚು ಕೆಳಗೆ ನಿಂತಿತು. ಅವಳು ಬಕೆಟ್ ಒಳಗಿಟ್ಟು ಬಂದಳು.